ಲೊಕ್ಕನಹಳ್ಳಿಗೆ ಮೂರು ಬಾಟಲಿ

ಬೆಂಗಳೂರಿನಿಂದ ಕೊಳ್ಳೇಗಾಲಕ್ಕೆ ಕನಕಪುರ, ಮಳವಳ್ಳಿ ಮೇಲಿನ ದಾರಿಯೇ ಹತ್ತಿರ. ಲೊಕ್ಕನಹಳ್ಳಿಯ ಅಕ್ಕನ ಮನೆಗೆ ನಾನು ಹೋಗುವುದೂ ಆ ದಾರಿಯಲ್ಲೇ. ಒಂದು ಮಾರ್ಚಿನಲ್ಲಿ ಮಾತ್ರ ಬೇಕೆಂದೇ ಸುತ್ತು ಹಾಕಿ ಮೈಸೂರು ಹೆದ್ದಾರಿ ಹಿಡಿದೆ. ಚನ್ನಪಟ್ಟಣದ ಬಳಿ ಒಂದು ವೈನರಿ ಇದೆ. ಮೊದಲು ಹೆರಿಟೇಜ್ ಎಂಬ ಹೆಸರಿನಲ್ಲಿತ್ತು, ಈಗ ನಾಸಿಕದ ಸುಲಾ ಕಂಪನಿಯದು. ಮರದ ಗೊಂಬೆಗಳ ಅಂಗಡಿಸಾಲು, ಎಳನೀರಿನ ರಾಶಿ, ತಟ್ಟೆ ಇಡ್ಲಿಯ ಹೋಟೆಲುಗಳ ನಡುವೆ ಹೀಗೊಂದು ಜಾಗವಿರುವುದು ಆ ದಾರಿಯಲ್ಲಿ ದಿನಾ ಓಡಾಡುವ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರೂ ಒಳಗೆ ಕಾಲಿಡಲು ಅಳುಕುತ್ತಾರೆ.

ಆ ಅಳುಕು ದುಡ್ಡಿನದಲ್ಲ, ಮರ್ಯಾದೆಯದು. ಬ್ರಾಂದಿ ಕೇಳುವವನಿಗೆ ಉಚ್ಚಾರಣೆಯ ಭಯವಿಲ್ಲ. ವೈನ್ ಕೇಳುವವನಿಗೆ ಲೋಟ ಹಿಡಿಯುವುದರಿಂದ ಹಿಡಿದು ಫ್ರೆಂಚ್ ಹೆಸರು ಹೇಳುವ ತನಕ ಎಲ್ಲದರಲ್ಲೂ ಪರೀಕ್ಷೆಗೆ ಕೂತ ಹಾಗೆ. ದೊಡ್ಡ ಹೋಟೆಲಿನಲ್ಲಿ ಪಟ್ಟಿ ಕೈಗೆ ಬಂದಾಗ ಅತಿ ಅಗ್ಗದ್ದನ್ನು ಕೇಳಲು ನಾಚಿಕೆಯಾಗಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದಕ್ಕೆ ಬೆರಳಿಟ್ಟು ಸುಮ್ಮನಾಗುವ ಗೆಳೆಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ವೈನರಿಯಲ್ಲಿ ನಮ್ಮನ್ನು ಕರೆದುಕೊಂಡು ಹೋದ ಹುಡುಗ ಮದ್ದೂರಿನ ಕಡೆಯವನು. ಮೊದಲು ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದ. ನಾನು ಕನ್ನಡದಲ್ಲಿ ಕೇಳಿದ ಮೇಲೆ ಅವನ ಮಾತಿನ ಧಾಟಿಯೇ ಬದಲಾಯಿತು. "ಸಾರ್, ಇದ್ರಲ್ಲಿ ನೋಡೋದು ಇಷ್ಟೇ. ಹುಳಿ ಎಷ್ಟು, ಸಿಹಿ ಎಷ್ಟು, ಒಗರು ಎಷ್ಟು, ಗಂಟಲಲ್ಲಿ ಬಿಸಿ ಎಷ್ಟು, ವಾಸ್ನೆ ಏನು. ಮಿಕ್ಕಿದ್ದೆಲ್ಲ ಲೇಬಲ್ಲು" ಎಂದ. ವೈನಿನ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳು ಅಧ್ಯಾಯಗಟ್ಟಲೆ ಹೇಳಿದ್ದನ್ನು ಅವನು ಉಗ್ರಾಣದ ಬಾಗಿಲಲ್ಲಿ ನಿಂತೇ ಮುಗಿಸಿಬಿಟ್ಟ.

ಹುಳಿ ಹಣ್ಣಿನದು. ಬಿಸಿಲ ನಾಡಿನಲ್ಲಿ ದ್ರಾಕ್ಷಿ ಬೇಗ ಮಾಗಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಅದಕ್ಕೇ ವೈನ್ ದ್ರಾಕ್ಷಿ ಬೆಳೆಯುವವರು ರಾತ್ರಿ ತಂಪಾಗಿರುವ ಜಾಗ ಹುಡುಕುತ್ತಾರೆ. ಸಿಹಿ ಅಂದರೆ ಯೀಸ್ಟ್ ತಿಂದು ಮುಗಿಸದೆ ಉಳಿದ ಸಕ್ಕರೆ. ತಿಂದದ್ದು ಆಲ್ಕೋಹಾಲ್ ಆಗುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹಾರಿಹೋಗುತ್ತದೆ. ಒಗರು ಸಿಪ್ಪೆ ಮತ್ತು ಬೀಜದ್ದು. ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುಳಿಯಲು ಬಿಟ್ಟರೆ ಕೆಂಪು ಬಣ್ಣವೂ ಒಗರೂ ಒಟ್ಟಿಗೇ ಇಳಿಯುತ್ತವೆ. ಹಿಂಡಿದ ರಸವನ್ನು ಮಾತ್ರ ಹುಳಿಸಿದರೆ ಬಿಳಿ ವೈನ್. ಕೆಲವನ್ನು ಓಕ್ ಮರದ ಪೀಪಾಯಿಯಲ್ಲಿ ಕೂಡಿಡುತ್ತಾರೆ. ಆಗ ಮರದ ಒಗರೂ ಒಂದಿಷ್ಟು ವೆನಿಲ್ಲಾ ಪರಿಮಳವೂ ಸೇರುತ್ತವೆ. ಲೋಟ ತಿರುಗಿಸುವುದು ಒಣ ಶೋಕಿ ಎಂದುಕೊಂಡಿದ್ದೆ. ತಿರುಗಿಸಿದರೆ ಪರಿಮಳ ಮೇಲೇಳುತ್ತದೆ, ಅಷ್ಟೇ ಅದರ ಕೆಲಸ. ಗಾಜಿನ ಒಳಮೈಯಲ್ಲಿ ಇಳಿಯುವ ಗೆರೆಗಳನ್ನು ನೋಡಿ ಕೆಲವರು ತಲೆದೂಗುತ್ತಾರಲ್ಲ, ಅವು ಮುಖ್ಯವಾಗಿ ಆಲ್ಕೋಹಾಲಿನ ಆಟ. ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಕರ್ನಾಟಕದಲ್ಲಿ ಈ ಕಸುಬಿಗೆ ಈಗಿನ ರೂಪ ಬಂದದ್ದು ನಂದಿಬೆಟ್ಟದ ತಪ್ಪಲಿನಲ್ಲಿ. ಕನ್ವಲ್ ಗ್ರೋವರ್ ಫ್ರಾನ್ಸಿನಿಂದ ಬಳ್ಳಿಗಳನ್ನು ತರಿಸಿ ದೊಡ್ಡಬಳ್ಳಾಪುರದ ಬಳಿ ನೆಟ್ಟು, 1992ರಲ್ಲಿ ಮೊದಲ ವೈನ್ ತೆಗೆದರು. ಅಲ್ಲಿಯ ತೋಟಗಳನ್ನು ನಾನು ಮೊದಲೇ ಸುತ್ತಿದ್ದೆ. ನನಗೆ ಅಲ್ಲಿ ವಿಚಿತ್ರವೆನಿಸಿದ್ದು ಬಳ್ಳಿಯ ಲೆಕ್ಕಾಚಾರ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರಿ ಬೇಸಿಗೆಯ ಕೊನೆಗೆ ಕೊಯ್ಲಿಗೆ ಬರುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಕತ್ತರಿ. ಬೇಸಿಗೆಯಲ್ಲಿ ಒಂದು, ಮಳೆ ಹಿಂದೆ ಸರಿಯುವ ಹೊತ್ತಿಗೆ ಇನ್ನೊಂದು. ಎರಡನೆಯದರ ನಂತರ ಬಿಟ್ಟ ಗೊಂಚಲು ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ನಂದಿಯ ಸುತ್ತ ಈ ಫ್ರೆಂಚ್ ಬಳ್ಳಿಗಳಿಗಿಂತ ಹಳೆಯದು ಬೆಂಗಳೂರು ಬ್ಲೂ ದ್ರಾಕ್ಷಿ. ಸಿಪ್ಪೆ ದಪ್ಪ, ಬೀಜ ಗಟ್ಟಿ, ಮೂಗಿಗೆ ಮೊದಲೇ ಹೊಡೆಯುವ ವಾಸನೆ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೆಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಭರಣಿಯಲ್ಲಿ ಸಕ್ಕರೆ, ಲವಂಗ, ಒಂದು ಹಿಡಿ ಗೋಧಿ ಹಾಕಿ ಹುಳಿಸುವುದು ಹೆಚ್ಚಾಗಿ ಈ ಹಣ್ಣನ್ನೇ. ಅಂಗಡಿಯಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ಸಿಹಿ ವೈನಿಗೂ ಇದೇ ಹಣ್ಣು ಬಹಳಷ್ಟು ಹೋಗುತ್ತದೆ. ಪೋರ್ಚುಗಲ್ಲಿನ ಡೌರೊ ಕಣಿವೆಯ ಅಸಲಿ ಪೋರ್ಟಿಗೂ ಇದಕ್ಕೂ ಹೆಸರಿನ ನೆಂಟಸ್ತಿಕೆ ಮಾತ್ರ.

ಚನ್ನಪಟ್ಟಣದಲ್ಲಿ ಒಂದು ಬಿಳಿ ಶೆನಿನ್ ಬ್ಲಾಂಕ್, ಒಂದು ಕೆಂಪು ಶಿರಾಜ್ ಕೊಂಡೆ. ಮೂರನೆಯದು ಕೊಳ್ಳೇಗಾಲದ ಒಂದು ವೈನ್ ಸ್ಟೋರಿನಲ್ಲಿ ಸಿಕ್ಕ ಸಿಹಿ ಪೋರ್ಟ್. ಬೆಲೆ ಉಳಿದೆರಡಕ್ಕಿಂತ ಎಷ್ಟೋ ಕಡಿಮೆ.

ಮಳವಳ್ಳಿ ಕಳೆದು ಕಾವೇರಿ ಸೇತುವೆ ದಾಟಿದರೆ ಹಳೆಯ ಗಡಿಯೊಂದನ್ನು ದಾಟಿದ ಹಾಗೆ. 1956ರ ರಾಜ್ಯ ಮರುವಿಂಗಡಣೆಯ ತನಕ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಶುರುಮಾಡಿದ ಪಾನನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಅಂದರೆ ಈ ನೆಲದ ಹಿರಿಯರು ಹರೆಯದಲ್ಲಿ ಕುಡಿತವನ್ನು ಕಾನೂನುಬಾಹಿರ ಸಂಗತಿಯೆಂದೇ ಕಂಡವರು. ಅದೇ ನೆಲದಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿ ಹೆಂಡದ ಗಡಿಗೆ ಹೊತ್ತುಕೊಂಡೇ ಕಲ್ಯಾಣದ ಬಾಗಿಲಿಗೆ ಹೋಗಿ ಶರಣರನ್ನು ಪರೀಕ್ಷೆ ಮಾಡುತ್ತಾನೆ. ಅದೇ ಪರಂಪರೆಯ ಚಿಕ್ಕಲ್ಲೂರಿನ ಜಾತ್ರೆ ಇಲ್ಲಿಂದ ದೂರವೇನಲ್ಲ. ಮಡಿಯನ್ನು ಹೆಂಡದಿಂದ ಅಳೆಯುವ ದೇವರನ್ನೂ ಹೆಂಡವನ್ನು ಮುಚ್ಚಿಸಿದ ಸರ್ಕಾರವನ್ನೂ ಕಂಡ ಸೀಮೆ ಇದು. ಇಲ್ಲಿಗೆ ವೈನ್ ಹೊತ್ತುಕೊಂಡು ಹೋಗುವವನು ಸ್ವಲ್ಪ ತಲೆ ತಗ್ಗಿಸಿಯೇ ಹೋಗಬೇಕು.

ಕೊಳ್ಳೇಗಾಲ ಬಿಟ್ಟ ಮೇಲೆ ಊರುಗಳು ತೆಳುವಾಗುತ್ತವೆ. ಬಲಕ್ಕೆ ಬಿಳಿಗಿರಿರಂಗನ ಬೆಟ್ಟದ ಮೂಡಣ ಮಗ್ಗುಲು. ಹೊಲದಲ್ಲಿ ಕೊಯ್ದ ರಾಗಿಯ ಕೂಳೆ, ಆನೆ ಕಾಯಲು ಕಟ್ಟಿದ ಅಟ್ಟಣೆ. ಲೊಕ್ಕನಹಳ್ಳಿ ಮೊದಲು ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು, ಈಗ ಹನೂರಿನದು. ಹೋಬಳಿ ಊರಾದ್ದರಿಂದ ಬಸ್ಸು, ಬ್ಯಾಂಕು, ಜನ ಎಲ್ಲ ಇದೆ. ಮುಂದಕ್ಕೆ ಹೋದರೆ ಒಡೆಯರಪಾಳ್ಯ, ಅದರಾಚೆ ಕಾಡು, ಕಾಡಿನಾಚೆ ತಮಿಳುನಾಡು.

"ಏನ್ಲಾ ಅದು ಚೀಲ್ದಲ್ಲಿ, ಟಣ್ ಅಂತದ?" ಅಕ್ಕ ಹೊಸಿಲಲ್ಲೇ ಕೇಳಿದಳು.

ಹೇಳಿದೆ. ಅವಳ ಮುಖ ಬಿಗಿಯಿತು. "ನಮ್ಮ ಕೇರಿಲಿ ಕುಡ್ದು ಕೆಟ್ಟೋರು ಸಾಲ್ದು ಅಂತ ನೀನು ಪ್ಯಾಟೆಯಿಂದ ಬ್ಯಾರೆ ತಂದಯಾ?"

ಅವಳ ಸಿಟ್ಟಿಗೆ ಕಾರಣವಿತ್ತು. ಪ್ಯಾಕೆಟ್ ಸಾರಾಯಿಯ ಕಾಲದಲ್ಲಿ ಕೂಲಿ ದುಡ್ಡೆಲ್ಲ ಎಲ್ಲಿಗೆ ಹೋಗುತ್ತಿತ್ತೆಂದು ಅವಳು ಕಂಡಿದ್ದಾಳೆ. ಕರ್ನಾಟಕ ಸಾರಾಯಿ ನಿಲ್ಲಿಸಿದ್ದು 2007ರ ಜುಲೈ 1ರಂದು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ದ್ರಾಕ್ಷಾರಸ ಮಂಡಳಿ ಬಂತು, ಲಾಲ್‌ಬಾಗು, ಅರಮನೆ ಮೈದಾನ ಅಂತ ಉತ್ಸವಗಳಿಗೆ ಜಾಗ ಹುಡುಕಾಟ ಶುರುವಾಯಿತು. ಬೆಂಗಳೂರಿನವರಿಗೆ ನೆನಪಿರುವುದು ಎರಡನೆಯದು. ಲೊಕ್ಕನಹಳ್ಳಿಗೆ ನೆನಪಿರುವುದು ಮೊದಲನೆಯದು, ಜೊತೆಗೆ ಸಾರಾಯಿ ಹೋದ ಜಾಗಕ್ಕೆ ಬಂದ ರಟ್ಟಿನ ಪೊಟ್ಟಣದ ವಿಸ್ಕಿ. ನಾನು ಲೆಕ್ಕ ಹೇಳಲು ಹೋದೆ. ಆ ತೊಂಬತ್ತು ಮಿಲಿಯ ಪೊಟ್ಟಣದಲ್ಲಿ ಆಲ್ಕೋಹಾಲು ಶೇಕಡಾ 42.8, ಅಂದರೆ 38 ಮಿಲಿಗೂ ಹೆಚ್ಚು. ಶೇಕಡಾ 12ರ ವೈನ್ ಒಂದು ಲೋಟ, ಅಂದರೆ 150 ಮಿಲಿ ಕುಡಿದರೆ 18 ಮಿಲಿ. "ಅರ್ಧ ಇಸಾನೂ ಇಸಾನೆ ಕಣ" ಎಂದು ಒಳಗೆ ಹೋದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅಕ್ಕನ ಮಾತನ್ನೇ.

ಭಾವನದು ಬೇರೆ ಲಹರಿ. ಸಂಜೆ ನಾಟಿಕೋಳಿ ಸಾರಿಗೆ ಮಸಾಲೆ ಅರೆಯುವ ಹೊತ್ತಿಗೆ ಅವರೇ ಬಂದು "ತಗೀ ಭಾವ, ಅದೇನಂತ ನೋಡ್ಬುಡವ" ಎಂದರು. ಬಾಟಲಿಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟಿದ್ದೆ, ಬಿಳಿಯದನ್ನು ಇನ್ನೂ ಮೊದಲೇ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲುಕೋಣೆಗಳಲ್ಲಿ. 16ರಿಂದ 18 ಡಿಗ್ರಿ ಅದಕ್ಕೆ ಒಪ್ಪುವ ಶಾಖ. ಲೊಕ್ಕನಹಳ್ಳಿಯ ಹೆಂಚಿನ ಮನೆಯಲ್ಲಿ ಮಾರ್ಚ್ ತಿಂಗಳ ಸಂಜೆ ಕೆಂಪು ವೈನನ್ನು ಹಾಗೇ ಬಗ್ಗಿಸಿದರೆ ಮೂಗಿಗೆ ಬರುವುದು ಸ್ಪಿರಿಟಿನ ವಾಸನೆ ಮಾತ್ರ.

ಮೂರಕ್ಕೂ ಹಳೆಯ ಪೇಪರು ಸುತ್ತಿದೆ. ಹೆಸರೂ ಕಾಣಬಾರದು, ಬೆಲೆಯೂ ಕಾಣಬಾರದು. ಇದು ನನ್ನ ಹುಚ್ಚಾಟವಲ್ಲ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ವೈನ್ ವ್ಯಾಪಾರಿ ಹೀಗೇ ಹೆಸರು ಮುಚ್ಚಿ ಫ್ರಾನ್ಸಿನ ಪಂಡಿತರ ಮುಂದೆ ಲೋಟಗಳನ್ನಿಟ್ಟ. ಬಿಳಿಯಲ್ಲೂ ಕೆಂಪಿನಲ್ಲೂ ಮೊದಲ ಸ್ಥಾನ ಬಂದದ್ದು ಯಾರೂ ಲೆಕ್ಕಕ್ಕಿಡದಿದ್ದ ಕ್ಯಾಲಿಫೋರ್ನಿಯಾದ ವೈನುಗಳಿಗೆ. ಬೋರ್ಡೊ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ತುಂಟತನದ್ದು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಕಲಸಿ, ವೈನ್ ಶಾಸ್ತ್ರ ಓದುತ್ತಿದ್ದ 54 ಜನರ ಮುಂದಿಟ್ಟರು. ಅವರು ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಅದಕ್ಕೂ ಹೇಳಿದರು. ಮೂಗಿಗಿಂತ ಕಣ್ಣು ಮುಂದೆ ಓಡುತ್ತದೆ. ಪಂಡಿತರ ಗತಿಯೇ ಹೀಗಿದ್ದ ಮೇಲೆ ನಾವು ಹೋಟೆಲಿನಲ್ಲಿ ಬೆವರುವುದೇಕೆ?

ಸ್ಟೀಲ್ ಲೋಟ ಬೇಡವೆಂದು ಗಾಜಿನದನ್ನು ಕೇಳಿ ತಂದೆ. ಭಾವ, ಭಾವನ ತಾಯಿ ದೊಡ್ಡವ್ವ, ನಾನು. ದೊಡ್ಡವ್ವ ಕುಡಿಯುವವರಲ್ಲ. ಎಲೆಅಡಿಕೆ ಉಗಿದು ಬಾಯಿ ಮುಕ್ಕಳಿಸಿ "ನಾಲ್ಗ ಮೇಲ ಒಂದ್ ತೊಟ್ಟು ಬುಡು" ಎಂದರು. ಮೊದಲನೆಯದು ಶೆನಿನ್. ಕಣ್ಣು ಕಿರಿದು ಮಾಡಿ "ಹುಳಿ. ಆದ್ರ ಕೊಳ್ತ ಹುಳಿಯಲ್ಲ, ಕಾಯಿ ಹುಳಿ" ಎಂದರು. ಎರಡನೆಯದು ಶಿರಾಜ್. "ಅಡಕ ಚೊಗರಿದ್ದಂಗದ. ಬಾಯೆಲ್ಲ ಒಣಗ್ತು." ವೈನಿಗೆ ಒಗರು ಕೊಡುವ ಟ್ಯಾನಿನ್ನಿಗೆ ಇದಕ್ಕಿಂತ ನೇರವಾದ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಜೀವಮಾನವಿಡೀ ಅಡಿಕೆ ಜಗಿದ ಬಾಯಿ ಒಗರಿನ ಹದ ಬಲ್ಲದು. ಹುಣಸೆ ತೊಕ್ಕಿನಲ್ಲಿ ಬೆಳೆದ ನಾಲಿಗೆಗೆ ಹುಳಿಯ ಏರಿಳಿತ ಯಾರೂ ಕಲಿಸಬೇಕಿಲ್ಲ. ನಮಗೆ ಇಲ್ಲದಿರುವುದು ರುಚಿಯ ಜ್ಞಾನವಲ್ಲ, ಆ ಜ್ಞಾನ ಈ ಲೋಟಕ್ಕೂ ನಡೆಯುತ್ತದೆಂಬ ಧೈರ್ಯ.

ಮೂರನೆಯದನ್ನು ಭಾವ ಒಂದೇ ಗುಟುಕಿಗೆ ಮುಗಿಸಿ "ಇದೇ ಸರಿ" ಎಂದರು. ಪೇಪರು ಬಿಚ್ಚಿದೆ. ಪೋರ್ಟ್. ನಾನು ನಗಲಿಲ್ಲ, ಯಾಕೆಂದರೆ ಬರೀ ಬಾಯಿಗೆ ಸಿಹಿ ಗೆಲ್ಲುವುದು ಸಹಜ. ಮುದ್ದೆ ಬಂತು, ಕೋಳಿಸಾರು ಬಂತು, ಪಕ್ಕದಲ್ಲಿ ಮಧ್ಯಾಹ್ನದ ಉಪ್ಪುಸಾರು ಮತ್ತು ಅದರ ಖಾರ. ಆಟ ಆಗ ತಿರುಗಿತು. ಕೋಳಿಯ ಜಿಡ್ಡು, ಮೆಣಸಿನ ಘಾಟಿನ ಜೊತೆ ಪೋರ್ಟ್ ಔಷಧಿಯಂತಾಯಿತು. ಭಾವ ತಾವಾಗಿಯೇ ಶಿರಾಜಿನ ಕಡೆ ಕೈ ಚಾಚಿದರು. ಒಗರು ಜಿಡ್ಡನ್ನು ತೊಳೆಯುತ್ತದೆ, ಜಿಡ್ಡು ಒಗರನ್ನು ಮೆತ್ತಗೆ ಮಾಡುತ್ತದೆ. ಆದರೆ ಅದೇ ಶಿರಾಜನ್ನು ಉಪ್ಪುಸಾರಿನ ಹಸಿಮೆಣಸಿನ ಖಾರದ ಮೇಲೆ ಕುಡಿದರೆ ಬಾಯಿಗೆ ಬೆಂಕಿ ಬಿದ್ದ ಹಾಗೆ. ಆಲ್ಕೋಹಾಲೂ ಒಗರೂ ಸೇರಿ ಖಾರವನ್ನು ಕೆರಳಿಸುತ್ತವೆ. ಅಲ್ಲಿ ಒಪ್ಪಿದ್ದು ತಣ್ಣಗಿದ್ದ, ಸಣ್ಣ ಸಿಹಿಯ ಶೆನಿನ್. ಖಾರದೂಟಕ್ಕೆ ಬೆಲೆಬಾಳುವ ದಪ್ಪ ಕೆಂಪು ವೈನ್ ತರಿಸುವ ಬೆಂಗಳೂರಿನ ಆತಿಥೇಯರಿಗೆ ಈ ಜಗಲಿಯನ್ನು ಒಮ್ಮೆ ತೋರಿಸಬೇಕು.

ಅಕ್ಕ ಊಟ ಬಡಿಸುತ್ತಾ ಎಲ್ಲವನ್ನೂ ನೋಡುತ್ತಿದ್ದಳು. ಕೊನೆಗೆ ಶಿರಾಜಿನ ಲೋಟ ಎತ್ತಿ ಮೂಸಿ, "ನ್ಯಾರಳ ಹಣ್ಣು" ಎಂದು ಇಟ್ಟುಬಿಟ್ಟಳು. ಕುಡಿಯಲಿಲ್ಲ. ಆ ರಾತ್ರಿ ಅತಿ ಖಚಿತವಾಗಿ ಆರಿಸಿದವಳು ಅವಳೇ.

ಅವಳು ನೇರಳೆ ಎಂದದ್ದಕ್ಕೆ ಮಾತು ಜೇನಿನ ಕಡೆ ಹೊರಳಿತು. ಭಾವನ ಮನೆಗೆ ಬೆಟ್ಟದ ಸೋಲಿಗರಿಂದ ಹೆಜ್ಜೇನು ಬರುತ್ತದೆ. ನೇರಳೆ ಹೂವಿನ ಕಾಲದ್ದಾದರೆ ಕೊನೆಯಲ್ಲಿ ಸಣ್ಣ ಕಹಿ. ಒಂದೇ ಮರದ ಹುಟ್ಟಿಯಾದರೂ ಮಳೆ ಕೈಕೊಟ್ಟ ವರ್ಷದ ಜೇನೇ ಬೇರೆ. ಕೊಳ್ಳುವಾಗ ಭಾವ ಕೇಳುವುದು ಎಲ್ಲಿಯದು, ಯಾವಾಗಿನದು ಎಂದು ಮಾತ್ರ. ವೈನ್ ಲೇಬಲ್ಲಿನ ಮೇಲೂ ಓದಬೇಕಾದ್ದು ಅವೇ ಎರಡು: ಯಾವ ಸೀಮೆಯ ದ್ರಾಕ್ಷಿ, ಯಾವ ವರ್ಷದ ಕೊಯ್ಲು. ಜೊತೆಗೆ ದ್ರಾಕ್ಷಿ ತಳಿಯ ಹೆಸರು, ಆಲ್ಕೋಹಾಲಿನ ಶೇಕಡಾವಾರು. ಚಿನ್ನದ ಅಕ್ಷರ, ಕೋಟೆಯ ಚಿತ್ರ ಇವುಗಳಿಗೆ ಕಣ್ಣು ಕೊಡಬೇಕಿಲ್ಲ. ಬಿರಡೆ ಇದ್ದರೆ ಮೇಲು, ತಿರುಪು ಮುಚ್ಚಳ ಕೀಳು ಎಂಬುದೂ ಸುಳ್ಳು. ನಮ್ಮ ಬಿಸಿಲಿಗೆ ತಿರುಪು ಮುಚ್ಚಳವೇ ವಾಸಿ ಎನ್ನುವವನು ನಾನು.

ಮರುದಿನ ಒಡೆಯರಪಾಳ್ಯಕ್ಕೆ ಹೋದೆ. ಮೆಕ್ಕೆಜೋಳದ ಹೊಲಗಳ ನಡುವೆ ಬಣ್ಣದ ಪ್ರಾರ್ಥನಾ ಬಾವುಟಗಳು ಕಾಣತೊಡಗಿದರೆ ಧೊಂಡೆನ್‌ಲಿಂಗ್ ಬಂತೆಂದು ತಿಳಿಯಬೇಕು. 1970ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರಿಗೆ ಕೊಟ್ಟ ನೆಲ. ಜೋಗ್‌ಚೆನ್ ಮಠದ ಚಿನ್ನದ ಬಣ್ಣದ ಚಾವಣಿ ದೂರದಿಂದಲೇ ಹೊಳೆಯುತ್ತದೆ. ಲೋಸಾರ್, ಅವರ ಹೊಸ ವರ್ಷ, ಆಗಷ್ಟೇ ಮುಗಿದಿತ್ತು. ಸ್ವೆಟರಿನ ಉಣ್ಣೆ ಬಿಡಿಸುತ್ತಾ ಕೂತಿದ್ದ ಅಜ್ಜಿಯೊಬ್ಬರನ್ನು ಅವರು ಮನೆಯಲ್ಲೇ ಹುಳಿಸುವ ಛಾಂಗ್ ಬಗ್ಗೆ ಕೇಳಿದೆ. ಒಳ್ಳೆಯ ಕನ್ನಡದಲ್ಲಿ "ಹಬ್ಬ ಆಯ್ತು, ಛಾಂಗೂ ಆಯ್ತು" ಎಂದು ನಕ್ಕರು.

ಮಾಡುವ ಬಗೆ ಮಾತ್ರ ಬಿಡಿಸಿ ಹೇಳಿದರು. ಟಿಬೆಟಿನಲ್ಲಿ ಬಾರ್ಲಿ, ಇಲ್ಲಿ ಅವರ ಮನೆಯಲ್ಲಿ ಅಕ್ಕಿ. ಬೇಯಿಸಿ, ಹರವಿ, ಕೈಗೆ ಉಗುರುಬೆಚ್ಚಗೆ ಎನಿಸುವಾಗ ಫಾಬ್ ಎಂಬ ಹೆಪ್ಪು ಪುಡಿ ಮಾಡಿ ಕಲಸಿ, ಕಂಬಳಿ ಹೊದಿಸಿ ಬಿಡುವುದು. ಕೆಲವು ದಿನಕ್ಕೆ ಪರಿಮಳ ಬಂದಾಗ ನೀರು ಬೆರೆಸಿ ಸೋಸುವುದು. ಸಿಕ್ಕಿಮ್ಮಿನಲ್ಲೂ ಪೂರ್ವ ನೇಪಾಳದಲ್ಲೂ ಇದನ್ನೇ ಹೋಲುವ ತೋಂಗ್ಬಾವನ್ನು ಮಾಡುವುದು ರಾಗಿಯಿಂದ. ಕಾಳಿನ ಮೇಲೆ ಬಿಸಿನೀರು ಹುಯ್ದು ಬಿದಿರ ಕೊಳವೆಯಲ್ಲಿ ಹೀರುತ್ತಾರೆ. ರಾಗಿಯ ಕಣಜದಂಥ ಈ ಸೀಮೆಯಲ್ಲಿ ಕೂತು ನಾನು ಅದನ್ನು ಹೇಳಿದಾಗ ಅಜ್ಜಿಗೆ ಗೊತ್ತಿತ್ತು, ನನ್ನ ಜೊತೆಗಿದ್ದ ಅಕ್ಕನ ಮಗನಿಗೆ ನಂಬಿಕೆ ಬರಲಿಲ್ಲ. "ರಾಗಿಲಾ ಮಾವ?"

ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಗೆ ತಿಳಿಯುತ್ತೀರಿ ಎಂದು ಕೇಳಿದೆ. ಬಾಯಿಗೆ ಹಾಕುವ ಮೊದಲೇ ಮೂಗು ಹೇಳುತ್ತದೆ, ಎಂದರು. ಹಣ್ಣಿನ ವಾಸನೆ ಇದ್ದರೆ ಸರಿ, ಮೂಗು ಚುಚ್ಚಿದರೆ ವಿನಿಗರ್. "ನಮ್ಮ ಊರಲ್ಲಿ ಚಳಿ, ಇಲ್ಲಿ ಬಿಸಿಲು. ಇಲ್ಲಿ ಇಡಬಾರದು, ಬೇಗ ಕುಡಿಯಬೇಕು." ಬಾಟಲಿಯ ವೈನಿಗೂ ಈ ಮಾತು ಹೊಂದುತ್ತದೆ. ಹಳೆಯದಾದಷ್ಟೂ ಒಳ್ಳೆಯದು ಎನ್ನುವುದು ವೈನಿನ ಬಗ್ಗೆ ಜನಕ್ಕೆ ಗೊತ್ತಿರುವ ಒಂದೇ ಮಾತು, ಅದೂ ಹೆಚ್ಚಿನ ಬಾಟಲಿಗಳಿಗೆ ಸಲ್ಲುವುದಿಲ್ಲ. ವರ್ಷಗಟ್ಟಲೆ ಬೆಳೆಯುವ ವೈನ್ ಲೋಕದಲ್ಲಿ ಕಡಿಮೆ. ನಮ್ಮ ಅಂಗಡಿಯಲ್ಲಿ ಸಿಗುವ ಸಾಧಾರಣ ಬಿಳಿ ವೈನನ್ನು ಕೊಯ್ಲಾದ ಎರಡು ವರ್ಷದೊಳಗೆ, ಕೆಂಪನ್ನು ಮೂರು ನಾಲ್ಕು ವರ್ಷದೊಳಗೆ ಮುಗಿಸುವುದೇ ಜಾಣತನ. ಮುಚ್ಚಳ ತೆಗೆದ ಮೇಲಂತೂ ಫ್ರಿಜ್ಜಿನಲ್ಲಿಟ್ಟರೂ ಕೆಲವೇ ದಿನ.

ವಾಪಸು ಬರುವಾಗ ಕೊಳ್ಳೇಗಾಲದಲ್ಲಿ ಇನ್ನೊಂದು ಅಂಗಡಿ ಹೊಕ್ಕೆ. ಕಬ್ಬಿಣದ ಜಾಲರಿ, ಅದರಲ್ಲಿ ಕೈ ತೂರುವಷ್ಟು ಕಿಂಡಿ, ಮುಂದೆ ಸಂಜೆಯ ನೂಕುನುಗ್ಗಲು. ಜಾಲರಿಯ ಹಿಂದಿನ ಗೋಡೆಯೆಲ್ಲ ವಿಸ್ಕಿ, ರಮ್ಮು, ಬ್ರಾಂದಿ. ಪಡುವಣ ಬಿಸಿಲು ನೇರ ಬೀಳುವ ಮೂಲೆಯ ಹಲಗೆಯಲ್ಲಿ ನಾಲ್ಕಾರು ವೈನ್ ಬಾಟಲಿ ದೂಳು ಹೊದ್ದು ನಿಂತಿದ್ದವು. ಒಂದು ಬಿಳಿ ವೈನ್ ಕೇಳಿ ಇಸಿದುಕೊಂಡು ವರ್ಷ ನೋಡಿದೆ. ಆರು ವರ್ಷದ ಹಿಂದಿನದು, ಬಣ್ಣ ಆಗಲೇ ಚಹಾದ ಕಡೆ ತಿರುಗಿತ್ತು. ಒಳಗೆ ಪೆಟ್ಟಿಗೆಯಲ್ಲಿ ಹೊಸದಿದ್ದರೆ ಕೊಡಿ ಎಂದೆ. ಹುಡುಗ ಗೊಣಗುತ್ತಾ ಹೋಗಿ ಹಿಂದಿನ ವರ್ಷದ ಒಂದನ್ನು ಹುಡುಕಿ ತಂದ.

"ಎಲ್ರೂ ಹಳೇದು ಕೇಳ್ತಾರ, ನೀವೊಬ್ರು ಹೊಸದು ಕೇಳ್ತೀರಲ್ಲ ಸಾರ್?" ಎಂದರು ಗಲ್ಲಾ ಮೇಲಿದ್ದ ಯಜಮಾನರು.

ಬಿಸಿಲಲ್ಲಿ ನಿಂತದ್ದು ಕೆಟ್ಟಿರುತ್ತದೆ, ಇವುಗಳನ್ನು ಕೆಳಗೆ ತಣ್ಣಗಿರುವ ಕಡೆ ಮಲಗಿಸಿಡಿ ಎಂದೆ. ಅವರು ಮೂಲೆಯ ಹಲಗೆ ನೋಡಿದರು, ನನ್ನ ಕೈಯಲ್ಲಿದ್ದ ಬಾಟಲಿ ನೋಡಿದರು.

"ಅಲ್ಲ ಸಾರ್, ನೀವು ಹೇಳ್ದಂಗೆ ಎಲ್ರೂ ವರ್ಸ ನೋಡಕ್ಕ ಸುರು ಮಾಡ್ಬುಟ್ರ, ಇವುನ್ನ ನಾನು ಯಾರ್ಗ ಮಾರ್ಲಿ?"